ಅಜ್ಜಿ ಹೇಳಿದ ಸಾಕ್ಷಿ

ಗಡಿಯಾಚೆ ತೆಲುಗು ಸೀಮೆಯ ಆಲೂರಿನಲ್ಲಿ ನಮ್ಮಪ್ಪನಿಗೆ ಕಿರಾಣಿ ಅಂಗಡಿ ಇತ್ತು. ಗಿರಾಕಿಗಳ ಜೊತೆ ನಗುನಗುತ್ತ ಮಾತಾಡುತ್ತಿದ್ದ ಮನುಷ್ಯ ಮನೆಗೆ ಬಂದರೆ ಅವ್ವನನ್ನು ಹೊಡೆಯುತ್ತಿದ್ದ. ಒಮ್ಮೆ ಕಟ್ಟಿಗೆಯಿಂದ ಬಡಿದು ಅವಳ ಕೈ ಮುರಿದ. ಮರುದಿನ ಬೆಳಿಗ್ಗೆ ಅವ್ವ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಬಸ್ಸು ಹತ್ತಿ, ಆದವಾನಿಯಲ್ಲಿದ್ದ ತನ್ನ ಅಣ್ಣನ ಮನೆ ಸೇರಿದಳು. ಕೈ ಕೂಡಿದ ಮೇಲೆ ಜಿನ್ನಿನಲ್ಲಿ, ಅಂದರೆ ಹತ್ತಿಯ ಬೀಜ ಬಿಡಿಸುವ ಗಿರಣಿಯಲ್ಲಿ, ಹತ್ತಿ ಆರಿಸುವ ಕೆಲಸ ಹಿಡಿದಳು. ನನಗಾಗ ಒಂಬತ್ತು ವರ್ಷ, ತಮ್ಮನಿಗೆ ನಾಲ್ಕು.

ಅಪ್ಪ ಕೋರ್ಟಿಗೆ ಹೋದ. ಹೆಂಡತಿ ಬೇಡ, ಮಕ್ಕಳು ಬೇಕು ಎಂದ. ಮಕ್ಕಳು ತಂದೆಯ ಸೊತ್ತು ಎಂದೇ ಎಲ್ಲರೂ ತಿಳಿದಿದ್ದ ಕಾಲ. ಮಾವ ಕೂಡ, "ಗಂಡುಹುಡುಗನ್ನರ ಕೊಟ್ಟುಬಿಡವ್ವಾ, ಎಷ್ಟಂತ ಗುದ್ದಾಡ್ತಿ?" ಎಂದ.

"ಕೊಡಂಗಿಲ್ಲಣ್ಣಾ. ಇವತ್ತು ನನ್ನ ಕೈ ಮುರದಾನ, ನಾಳಿ ಅದರ ಕೈ ಮುರೀತಾನ," ಎಂದಳು ಅವ್ವ.

ಕೋರ್ಟಿನಲ್ಲಿ ಅಪ್ಪನ ವಕೀಲರು ತೆಲುಗಿನಲ್ಲಿ ಜೋರಾಗಿ ವಾದಿಸಿದರು. ಈಕೆ ದಿನವಿಡೀ ಜಿನ್ನಿನಲ್ಲಿ ಇರುತ್ತಾಳೆ, ಮಕ್ಕಳನ್ನು ನೋಡುವವರು ಯಾರು? ತಂದೆಯ ಮನೆಯಲ್ಲಾದರೆ ಅಜ್ಜಿ ಇದ್ದಾಳೆ. ಹೀಗೆ ಹೇಳಿ ಅಪ್ಪನ ತಾಯಿಯನ್ನೇ ಸಾಕ್ಷಿಗೆ ಕರೆದರು. ಅಪ್ಪನೇ ಅವಳನ್ನು ಆಲೂರಿನಿಂದ ಕರೆತಂದಿದ್ದ.

ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು ಕಟಕಟೆ ಹತ್ತಿದಳು. ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತೀಯಾ ಎಂದು ವಕೀಲರು ಕೇಳಿದರು.

"ನೋಡ್ಕೊಂತೀನ್ರಿ. ಆದ್ರ ನನ್ನ ಮಗನ ಕೈಯಾಗ ಕೊಡಬ್ಯಾಡ್ರಿ," ಎಂದಳು. ಹಾಗೇ ವಕೀಲರನ್ನು ಬಿಟ್ಟು ಜಡ್ಜಿ ಸಾಹೇಬರ ಕಡೆ ತಿರುಗಿದಳು. "ಇವ ಸೊಸಿನ್ನ ಹೊಡಿಯೋದು ನಾನು ಕಣ್ಣಾರೆ ನೋಡೀನ್ರಿ. ಬಿಡಸಾಕ ಹೋದ್ರ ನನಗೂ ಬಿದ್ದಾವ."

"ಸೊಸೆ ಹೇಳಿಕೊಟ್ಟಳೇನು?" ಎಂದರು ವಕೀಲರು.

"ನನ್ನ ಬೆನ್ನು ನನಗ ಗೊತ್ತಿಲ್ಲೇನಪ್ಪಾ?"

ಆಮೇಲೆ ಸಾಹೇಬರು ನನ್ನೊಬ್ಬಳನ್ನೇ ತಮ್ಮ ಕೋಣೆಗೆ ಕರೆಸಿದರು. ಅಪ್ಪನ ಹತ್ತಿರ ಹೋಗಲು ಭಯವೇ ಎಂದು ಮೆಲ್ಲಗೆ ತೆಲುಗಿನಲ್ಲಿ ಕೇಳಿದರು. ನನಗೆ ತೆಲುಗು ಚೆನ್ನಾಗಿ ಬರುತ್ತಿತ್ತು, ಆದರೆ ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಕನ್ನಡವೇ: "ಅಪ್ಪನ ಕೆರದ ಸಪ್ಪಳ ಕೇಳಿದ್ರ ನನ್ನ ತಮ್ಮ ಚಡ್ಡಿಯಾಗ ಉಚ್ಚಿ ಹೊಯ್ಕೊಂತಾನ್ರಿ. ಇಲ್ಲಿಗೆ ಬಂದ ಮ್ಯಾಲ ಬಿಟ್ಟಾನ." ಕನ್ನಡ ತಿಳಿಯುತ್ತಿದ್ದ ಅವರು ಅದನ್ನು ಬರೆದುಕೊಂಡು ನನ್ನನ್ನು ಅವ್ವನ ಹತ್ತಿರ ಕಳಿಸಿದರು.

ಹೊರಗೆ ಬೇವಿನ ಮರದ ಕೆಳಗೆ ಅಪ್ಪ ಅಜ್ಜಿಗೆ, "ಇನ್ನ ನನ್ನ ಮನಿ ಹೊಸ್ತಿಲ ತುಳೀಬ್ಯಾಡ," ಎಂದು ಹೇಳಿ ಹೊರಟುಹೋದ. ಅವ್ವ ಹೋಗಿ ಅಜ್ಜಿಯ ತೋಳು ಹಿಡಿದಳು. "ನಡೀರಿ ಅತ್ತೀ, ಮನಿಗೆ ಹೋಗೂಣು."

ಕೆಲವು ವಾರಗಳ ನಂತರ ತೀರ್ಪು ಬಂತು. ನಾವಿಬ್ಬರೂ ಅವ್ವನ ಹತ್ತಿರವೇ ಇರಬೇಕು. ಅಪ್ಪ ಭಾನುವಾರ ಹಗಲಿನಲ್ಲಿ, ಮಾವನ ಎದುರಿನಲ್ಲಿ ಮಾತ್ರ ಬಂದು ನೋಡಬಹುದು. ಅಪ್ಪ ಕೆಲವು ಭಾನುವಾರ ಬಂದ, ಆಮೇಲೆ ನಿಲ್ಲಿಸಿದ. ಅವ್ವ ಜಿನ್ನಿಗೆ ಹೋದಾಗ ನಮಗೆ ರೊಟ್ಟಿ ಬಡಿದು ಕೊಡುತ್ತಿದ್ದವಳು ಅಜ್ಜಿ.

ನಳದ ಹತ್ತಿರ ಹೆಂಗಸರು ಅವ್ವನನ್ನು ಕೆಣಕುತ್ತಿದ್ದರು: "ಗಂಡನ್ನ ಬಿಟ್ಟು ಅತ್ತೀನ್ನ ಇಟ್ಕೊಂಡಿಯಲ್ಲೇ?"

"ಹೂನ್ರೀ," ಎನ್ನುತ್ತಿದ್ದಳು ಅವ್ವ, ಕೊಡವನ್ನು ಸೊಂಟಕ್ಕೇರಿಸುತ್ತ, "ಅಂಥಾಕಿ ನಿಮಗ ಸಿಕ್ಕಾಳೇನು?" ಅವಳ ಹಿಂದೆ ಸಣ್ಣ ಬಿಂದಿಗೆ ಹೊತ್ತು ನಾನು ತಲೆಯೆತ್ತಿ ನಡೆಯುತ್ತಿದ್ದೆ.