ಮಗ್ಗದ ಗುಂಡಿ ಮುಚ್ಚಿಸಿದವರು

ಚಿಕ್ಕಮ್ಮನ ಕೆಲಸ ತೆಗೆದದ್ದು ಮಿಲ್ಲಿನ ಬಟ್ಟೆಯಲ್ಲ. ಕೆಲಸ ಕೊಡುತ್ತೇವೆ ಎಂದು ಬಂದ ಸರಕಾರ. ಯಾರು ಹೇಗೆ ಬೇಕಾದರೂ ಹೇಳಲಿ, ನಡೆದದ್ದು ಇಷ್ಟೇ.

ಮೊನ್ನೆ ಮೊಮ್ಮಗಳು ತಂದ ಹೊಸ ಹತ್ತಿ ಸೀರೆಯನ್ನು ನೀರಿಗೆ ಅದ್ದಿದೆ. ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ಚಿಕ್ಕಮ್ಮನ ಚಾವಡಿಯಲ್ಲಿ ಇದೇ ವಾಸನೆ... ಅವರು ನನಗೆ ಸಂಬಂಧದಲ್ಲಿ ಏನೂ ಅಲ್ಲ, ಪಕ್ಕದ ಮನೆಯವರು. ಮದುವೆಯಾಗಿ ಕಾಸರಗೋಡಿನ ಆ ನೇಕಾರರ ಬೀದಿಗೆ ಬಂದ ದಿನ ನನಗೆ ಬೆಲ್ಲ ನೀರು ಕೊಟ್ಟವರು.

ಗಂಡ ಸತ್ತ ಮೇಲೆ ಅವರೇ ಮಗ್ಗದ ಗುಂಡಿಗೆ ಇಳಿದಿದ್ದರು. ನೆಲದಲ್ಲಿ ತೋಡಿದ ಗುಂಡಿ. ಅದರ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತಾ ಮೈ ಒರೆಸುವ ಬೈರಾಸು ನೇಯುತ್ತಿದ್ದರು. ಮುಸ್ಸಂಜೆ ಗುಂಡಿಯ ಅಂಚಿಗೆ ದೀಪ ಇಡುತ್ತಿದ್ದರು. ಕಾಲು ತೊಳೆಯದೆ ಮಕ್ಕಳು ಹತ್ತಿರ ಬಂದರೆ ಬೈಗುಳ. ಮಿಲ್ಲಿನ ಬಟ್ಟೆ ಬಂದು ಬೀದಿಯ ಅರ್ಧ ಮಗ್ಗಗಳು ನಿಂತರೂ ಅವರ ಮಗ್ಗ ನಿಂತಿರಲಿಲ್ಲ. ಎರಡು ಹೊತ್ತು ಅಲ್ಲದಿದ್ದರೂ ಒಂದು ಹೊತ್ತಿನ ಗಂಜಿ ಅದರಿಂದ ಹುಟ್ಟುತ್ತಿತ್ತು.

ನಮ್ಮ ಊರು ಆಗ ಮದರಾಸು ಸರಕಾರದ ಕೆಳಗೆ ಇತ್ತು. ಕೆಲಸವಿಲ್ಲದ ನೇಕಾರರಿಗೆ ಗುಂಡಿ ಬೇಡದ, ಮರದ ಕಾಲುಗಳ ಮೇಲೆ ನಿಲ್ಲುವ ಹೊಸ ಮಗ್ಗ ಕೊಡುತ್ತಾರಂತೆ ಎಂದು ಸುದ್ದಿಯಾಯಿತು. ಆಫೀಸರು ಮನೆಮನೆಗೆ ಬಂದರು. ಹಳೆಯ ಗುಂಡಿಯಿಂದಲೇ ನೀವು ಹಿಂದೆ ಬಿದ್ದದ್ದು, ಅದನ್ನು ಮುಚ್ಚಿ ಎಂದರು.

"ಈ ಮನೆಗೂ ಉಂಟಾ ಧನಿಗಳೇ?" ಎಂದು ಚಿಕ್ಕಮ್ಮ ಕೇಳಿದರು.

"ಗುಂಡಿ ಮುಚ್ಚಿ ನೆಲ ಸಮ ಮಾಡಿದ ಮನೆಗೆಲ್ಲ ಉಂಟು."

ನೇಯುವವರು ಯಾರು ಎಂದು ಆ ಮನುಷ್ಯ ಕೇಳಲಿಲ್ಲ. ಹೇಳಬೇಕೆಂದು ಚಿಕ್ಕಮ್ಮನಿಗೂ ಹೊಳೆಯಲಿಲ್ಲ. ಗದ್ದೆಯಿಂದ ಮಣ್ಣು ಹೊತ್ತು ತಂದು ಗುಂಡಿ ತುಂಬಿಸಿದರು, ಬಡಿದರು, ಸೆಗಣಿ ಸಾರಿಸಿದರು. ಹೊಸದು ಬರುವಾಗ ಹಳೆಯದು ಯಾಕೆ ಎಂದು ಮಗ್ಗದ ಮರವನ್ನೂ ಒಲೆಗೆ ಹಾಕಿದರು.

ಮಗ್ಗ ಹಂಚಲು ಶಾಲೆಯ ಅಂಗಳದಲ್ಲಿ ಚಪ್ಪರ ಹಾಕಿ ಸಭೆ. ನಿರುದ್ಯೋಗ ಎಂಬ ಶಬ್ದ ನಾನು ಮೊದಲು ಕೇಳಿದ್ದು ಅಲ್ಲೇ. ಚಿಕ್ಕಮ್ಮನ ಸರದಿ ಬಂತು.

"ಯಜಮಾನರನ್ನು ಕಳಿಸಿಯಮ್ಮ."

"ಅವರು ತೀರಿಹೋಗಿದ್ದಾರೆ."

"ಗಂಡುಮಕ್ಕಳು?"

"ಇಲ್ಲ."

"ಮತ್ತೆ ಮಗ್ಗದಲ್ಲಿ ಕೂರುವುದು ಯಾರು?"

"ನಾನೇ. ಇಷ್ಟು ದಿನ ಎಂತ ದೆವ್ವ ಬಂದು ನೇಯ್ತಿತ್ತಾ?"

ಜನ ನಕ್ಕರು. ಆಫೀಸರೂ ನಕ್ಕರು. ಮಗ್ಗ ಗಂಡಸರಿಗೆ ಮಾತ್ರ, ಹೆಂಗಸರಿಗೆ ನೂಲು ಸುತ್ತುವ ತರಬೇತಿ ಉಂಟು, ಅದಕ್ಕೆ ಸೇರಿ ಎಂದರು. ಹಾಲುಹಲ್ಲು ಬೀಳುವ ಮೊದಲೇ ನೂಲು ಸುತ್ತಿದ ಹೆಂಗಸಿಗೆ ತರಬೇತಿ! ಅವರ ಪಾಲಿನದ್ದಾಗಬೇಕಿದ್ದ ಮಗ್ಗ ಬೀದಿಯ ತುದಿಮನೆಯವನಿಗೆ ಹೋಯಿತು. ಬೀಡಿ ಕಟ್ಟುತ್ತಿದ್ದ ಅವನು ಅದರ ಮೇಲೆ ಒದ್ದೆ ಬಟ್ಟೆ ಒಣಗಿಸಿದ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಚಿಕ್ಕಮ್ಮ ಆಮೇಲೆ ಮಂಗಳೂರಿನ ಕಡೆ ಗೇರುಬೀಜದ ಕಾರ್ಖಾನೆಗೆ ಹೋದರು. ಒಮ್ಮೆ ಬಂದಾಗ ಬೆರಳೆಲ್ಲ ಗೇರೆಣ್ಣೆಯಿಂದ ಸುಟ್ಟು ಕಪ್ಪಾಗಿತ್ತು. ನೂಲು ಮುಟ್ಟಿದರೆ ಕಲೆಯಾಗುವ ಬೆರಳು... ಸತ್ತ ಸುದ್ದಿಯೂ ನಮಗೆ ತಡವಾಗಿ ತಲುಪಿತು. ಈಗ ಆ ಬೀದಿಯಲ್ಲಿ ಅವರ ಮನೆ ಯಾವುದೆಂದು ತೋರಿಸಲು ನನ್ನನ್ನು ಬಿಟ್ಟರೆ ಜನ ಇಲ್ಲ. ನಾನೂ ಇನ್ನೆಷ್ಟು ದಿನ.

ಸಭೆಯ ಮರುದಿನ ಬೆಳಿಗ್ಗೆ, ಬಾವಿ ತೋಡುವ ನನ್ನ ಗಂಡನ ಹಾರೆ ಹೊತ್ತು ನಾನು ಅವರ ಮನೆಗೆ ನುಗ್ಗಿದ್ದೆ. ಸಾರಿಸಿದ ನೆಲಕ್ಕೆ ಹಾರೆ ಹಾಕಿದೆ.

"ಎಂತ ಮಾಡ್ತಿ ಮಾರಾಯ್ತಿ? ಮಗ್ಗ ಬೂದಿ ಆಯ್ತಲ್ಲ."

"ಮರ ಎಲ್ಲಿಂದಾದರೂ ತರುವ. ನೀವು ಮಣ್ಣು ಹೊರಿ."

ಅವರು ಬುಟ್ಟಿ ಎತ್ತಲಿಲ್ಲ. ಬಾಗಿಲಲ್ಲಿ ನಿಂತು ನೋಡಿದರು. ನಾನು ನಿಲ್ಲಿಸಲಿಲ್ಲ. ಮೊಣಕಾಲು ಮುಳುಗುವಷ್ಟು ಒಬ್ಬಳೇ ಅಗೆದೆ.