ಕೆಂಪು ದಾರದ ಡಬ್ಬಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಮದುವೆಯಾದ ಮೊದಲ ವಾರದಲ್ಲೇ ಹೇಳಿದ್ದರು. ಮೂವತ್ತೈದು ವರ್ಷವಾಯಿತು, ಅವರು ಅಭಿಪ್ರಾಯ ಬದಲಿಸಿಲ್ಲ, ಬದಲಿಸುವಂಥ ಕೆಲಸ ನಾನೂ ಮಾಡಿಲ್ಲ. ಆದರೆ ಸಿಟ್ಟೊಂದನ್ನು ಬಿಟ್ಟರೆ ನನ್ನಲ್ಲಿ ಬೇರೆ ಐಬಿಲ್ಲ ಎಂದು ಬಹಳ ಕಾಲ ನಂಬಿದ್ದೆ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವಳು ನಾನು. ನಮ್ಮ ಗುರುಗಳು ಪ್ರತಿ ಕ್ರಿಸ್ಮಸ್‌ಗೂ ಲೋಕಕ್ಕೆ ರಕ್ಷಕ ಹುಟ್ಟಿದ್ದಾನೆ ಎಂದು ಪ್ರಸಂಗ ಶುರು ಮಾಡಿದರೆ, ನಾನು ಚರ್ಚಿನ ಬೆಂಚುಗಳ ಮೇಲೆ ಕಣ್ಣಾಡಿಸಿ, ಈ ರಕ್ಷಕ ಯಾರಿಗೆಲ್ಲ ತುರ್ತಾಗಿ ಬೇಕು ಎಂದು ಮನಸ್ಸಿನಲ್ಲೇ ಪಟ್ಟಿ ಮಾಡುತ್ತಿದ್ದೆ. ಪಟ್ಟಿ ಉದ್ದವಾಗಿಯೇ ಇರುತ್ತಿತ್ತು. ಅದರಲ್ಲಿ ನನ್ನ ಹೆಸರು ಇರುತ್ತಿರಲಿಲ್ಲ.

ನನ್ನ ತವರು ಖಾನಾಪುರ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಕ್ರಿಸ್ಮಸ್ ಬಂತೆಂದರೆ ಅವ್ವ ನಂದಗಡದ ಸಂತೆಯಿಂದ ಬೆಲ್ಲ ತರಿಸಿ ಒಂದು ವಾರ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಹಬ್ಬದ ಬೆಳಿಗ್ಗೆ ಓಣಿಯ ಪ್ರತಿ ಮನೆಗೂ ಒಂದು ತಾಟು ಹೋಗಬೇಕು. ಕರ್ಜಿಕಾಯಿ, ಶಂಕರಪಾಳಿ, ಚಕ್ಕುಲಿ, ಕೊಬ್ಬರಿ ಹಾಕಿದ ರವೆ ಕೇಕು. ಮೇಲೆ ಕ್ರೋಶಾ ಹೆಣೆದ ಬಿಳಿ ಬಟ್ಟೆ. ತಾಟು ಮರಳಿ ಬರುವಾಗ ಖಾಲಿ ಬರಬಾರದು. ಕೊನೆಗೆ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿ ಇರುತ್ತಿತ್ತು. ನಾನು ಬೆಳಗಾವಿಗೆ ಸೊಸೆಯಾಗಿ ಬಂದಾಗ ಆ ಪದ್ಧತಿಯನ್ನೂ ನನ್ನ ಟ್ರಂಕಿನ ಜೊತೆಗೇ ತಂದೆ.

ಶಿವಬಸವ ನಗರದ ನಮ್ಮ ಮನೆಯ ಬಾಜು ಮನೆಯಲ್ಲಿ ಜೈನ ಕುಟುಂಬವಿದೆ. ಆ ಮನೆಯ ಹಿರಿಯಮ್ಮನನ್ನು ನಾನು ಕಾಕು, ಅಂದರೆ ಚಿಕ್ಕಮ್ಮ ಎಂದೇ ಕರೆಯುವುದು. ಈಗ ಎಂಬತ್ತು ದಾಟಿದೆ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ನಾವು ಈ ಮನೆಗೆ ಬಂದ ಮೊದಲ ವರ್ಷ ನಾನು ತಾಟು ಕೊಟ್ಟಾಗ ಕಾಕು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನೇರವಾಗಿ ಕೇಳಿದರು.

"ತಂಗಿ, ಇದರಾಗ ತತ್ತಿ ಐತೇನ?"

"ಕೇಕಿನಾಗ ಐತ್ರಿ ಕಾಕು."

"ಹಂಗಾದ್ರ ನಮಗ ನಡೆಯೂದಿಲ್ಲವ್ವಾ. ಬ್ಯಾಸರ ಮಾಡ್ಕೋಬ್ಯಾಡ."

ಬೇಸರ ಮಾಡಿಕೊಂಡೆ. ಒಂದು ದಿನ ಪೂರ್ತಿ ಗಂಡನ ಮೇಲೆ ರೇಗಿದೆ. ಮರುವರ್ಷ ಹಠಕ್ಕೆ ಬಿದ್ದವಳಂತೆ, ಮನೆಗೆ ಒಂದು ತತ್ತಿ ಬರುವ ಮೊದಲೇ, ಅದಕ್ಕೆಂದೇ ಹೊಸದಾಗಿ ಕೊಂಡ ಪಾತ್ರೆಯಲ್ಲಿ, ಕಾಕುವಿನ ಪಾಲಿನದ್ದೆಲ್ಲ ಮಾಡಿ ಒಂದು ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಕೆಂಪು ದಾರ ಕಟ್ಟಿಟ್ಟೆ. ಆ ಡಬ್ಬಿಯನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿಲ್ಲ. ಕಾಕು ತಿಂದರು. ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಂಪು ದಾರದ ಡಬ್ಬಿ ತಪ್ಪಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಒಳ್ಳೆಯತನಕ್ಕೆ ಆ ಡಬ್ಬಿಯೇ ನನ್ನ ದೊಡ್ಡ ಸಾಕ್ಷಿಯಾಗಿತ್ತು. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಹೋದ ವರ್ಷಕ್ಕೆ ಮುಂಚಿನ ಕ್ರಿಸ್ಮಸ್. ಖಾನಾಪುರದಿಂದ ನನ್ನ ಅತ್ತಿಗೆ ಬಸ್ಸಿನಲ್ಲಿ ಬರುವವರ ಕೈಯಲ್ಲಿ ತಿಂಡಿಯ ಡಬ್ಬಿ ಕಳಿಸಿದ್ದಳು. ನಾನು ಅದನ್ನು ಬಿಚ್ಚಿಯೂ ನೋಡದೆ ಕಪಾಟಿನಲ್ಲಿಟ್ಟಿದ್ದೆ. ಹಬ್ಬದ ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ ಬಂದು ತಾಟು ಹೊಂದಿಸುವ ಹೊತ್ತಿಗೆ, ನನ್ನ ಗಂಡ ಕ್ರೋಶಾ ಬಟ್ಟೆಗಳನ್ನು ಇಸ್ತ್ರಿಗೆ ಕೊಟ್ಟು ತರುವುದನ್ನೇ ಮರೆತಿದ್ದು ಗೊತ್ತಾಯಿತು. ಅವರನ್ನು ಬೈಯುತ್ತ, ಬೈಯುತ್ತಲೇ ಕಪಾಟಿನಿಂದ ಕೆಂಪು ದಾರದ ಡಬ್ಬಿ ತೆಗೆದು ಕಾಕುವಿನ ತಾಟು ತುಂಬಿಸಿದೆ. ನಾನೇ ಹೋಗಿ ಕೊಟ್ಟೂ ಬಂದೆ.

ಮಧ್ಯಾಹ್ನ ನೆಂಟರಿಗೆಂದು ಕಪಾಟು ತೆಗೆದರೆ ಅಲ್ಲಿ ಇನ್ನೊಂದು ಡಬ್ಬಿ, ಅದಕ್ಕೂ ಕೆಂಪು ದಾರ. ಬಿಚ್ಚಿದೆ. ನಾನು ಕಾಕುವಿಗೆಂದು ಮಾಡಿದ್ದ ತತ್ತಿಯಿಲ್ಲದ ಕೇಕು, ಒಂದು ತುಂಡೂ ಕಡಿಮೆಯಾಗದೆ ಕೂತಿತ್ತು. ಬಸ್ಸಿನ ಕುಲುಕಾಟಕ್ಕೆ ಮುಚ್ಚಳ ಹಾರದಿರಲೆಂದು ಅತ್ತಿಗೆಯೂ ಡಬ್ಬಿಗೆ ದಾರ ಕಟ್ಟಿದ್ದಳು, ಅವಳ ಮನೆಯಲ್ಲಿ ಕೈಗೆ ಸಿಕ್ಕ ದಾರ. ಅವಳ ಕೇಕಿಗೆ ಎಷ್ಟು ತತ್ತಿ ಬೀಳುತ್ತವೆ ಎಂದು ನನಗೆ ಗೊತ್ತು, ಅವ್ವನ ಅಳತೆಯೇ ಅದು.

ಓಡಿಹೋಗಿ ಹೇಳಬೇಕಿತ್ತು. ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಕಾಕು ತಾಟು ಹಿಡಿದುಕೊಂಡು ತಾವೇ ಬಂದರು. ತಾಟಿನಲ್ಲಿ ಸಕ್ಕರೆ.

"ತಂಗಿ, ಈ ಸಲದ ಕೇಕ ಭಾಳ ಹಗೂರ ಆಗೇತಿ ನೋಡು. ನನ್ನಂಥ ಹಲ್ಲಿಲ್ಲದಾಕಿಗಿ ಛಲೋ ಆತು. ಮೂರು ತುಂಡ ತಿಂದ್ನಿ. ಏನ್ ಹಾಕಿದ್ದಿ?"

ಅವರ ಮುಖ ನೋಡಿದೆ. ಅಷ್ಟು ಸಂತೋಷವಾಗಿತ್ತು ಆ ಮುಖ. ನನ್ನ ಬಾಯಿಂದ ಬಂದದ್ದು ಇದು:

"ಮೊಸರ ಸ್ವಲ್ಪ ಜಾಸ್ತಿ ಹಾಕಿದ್ನಿರಿ, ಕಾಕು."

ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದವಳು ಹಬ್ಬದ ದಿನ ನಿಂತ ಕಾಲಲ್ಲೇ ಹೇಳಿದ ಸುಳ್ಳು. ತಡವರಿಸಲೂ ಇಲ್ಲ.

ಗಂಡ ಸಮಾಧಾನ ಮಾಡಿದರು. "ಅವರಿಗಿ ಗೊತ್ತಾಗಿಲ್ಲ. ಬೇಕಂತ ಮಾಡಿಲ್ಲ ನೀ. ಸುಮ್ಮ ಇದ್ರ ಯಾರಿಗೂ ತ್ರಾಸಿಲ್ಲ." ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಆದರೂ ವಾರ ಕಳೆಯುವುದರೊಳಗೆ ಪಾಪನಿವೇದನೆಗೆ ಹೋದೆ. ಗುರುಗಳ ಮುಂದೆ ಎಲ್ಲವನ್ನೂ ಹೇಳಿಬಿಟ್ಟರೆ ಹಗುರಾಗುತ್ತೇನೆ ಎಂದುಕೊಂಡಿದ್ದೆ. ಅವರು ತಾಳ್ಮೆಯಿಂದ ಕೇಳಿ, "ದೇವರಿಗೆ ಹೇಳಿದಿರಿ, ಒಳ್ಳೆಯದಾಯಿತು. ಬಾಜು ಮನೆಯವರಿಗೆ ಯಾವಾಗ ಹೇಳ್ತೀರಿ?" ಎಂದು ಕೇಳಿದರು. ಹೇಳುತ್ತೇನೆ ಫಾದರ್ ಎಂದೆ. ಅದೂ ಸುಳ್ಳಾಯಿತು.

ಜನವರಿಯಲ್ಲಿ ಕಾಕು ಓವನ್ ಇಲ್ಲದ್ದಕ್ಕೆ ಒಂದು ಪಾತೇಲಿಯಲ್ಲಿ ಉಸುಕು ಕಾಯಿಸಿ, ನಾನು ಹೇಳಿದಂತೆ ಮೊಸರು ಜಾಸ್ತಿ ಹಾಕಿ ಕೇಕು ಮಾಡಿ ನೋಡಿದರು. ಅದು ಇಟ್ಟಂಗಿಯಂತಾಯಿತು. ಒಂದು ತುಂಡು ತಂದು ತೋರಿಸಿ, "ನಿನ್ನ ಕೈಗುಣ ನನಗ ಬರಲಿಲ್ಲ ತಂಗಿ" ಎಂದು ಬೊಚ್ಚುಬಾಯಿ ತುಂಬ ನಕ್ಕರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಅವರನ್ನು ತಪ್ಪಿಸಿಕೊಂಡು ಓಡಾಡತೊಡಗಿದೆ. ಅವರು ಅಂಗಳದಲ್ಲಿ ಕೂತಿದ್ದರೆ ನಾನು ಹಿತ್ತಲಿಂದ ಹೊರಗೆ ಹೋಗುತ್ತಿದ್ದೆ. ಏನಾದರೂ ಕೊಟ್ಟು ಬರುವುದಿದ್ದರೆ ಗಂಡನನ್ನು ಕಳಿಸುತ್ತಿದ್ದೆ. ಹೇಳಿದರೆ ಇಪ್ಪತ್ತು ವರ್ಷದ ನಂಟು ಹೋಗುತ್ತದೆ ಎಂಬ ಹೆದರಿಕೆ. ಹೇಳದೆ ಉಳಿದರೂ ಅದು ಹೋಗುತ್ತಲೇ ಇದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ನಾನು ಹುಟ್ಟಿದ ಮೇಲೆ ಮೊದಲ ಸಲ, ನನ್ನ ಕೈಯಾರೆ ನೆಟ್ಟಗೆ ಮಾಡಲಾರದ ಒಂದು ಕೆಲಸ ಇದೆಯೆಂದು ಒಪ್ಪಿಕೊಂಡೆ. ತಿಂದದ್ದನ್ನು ತಿನ್ನದಂತೆ ಮಾಡಲು ಯಾರಿಂದ ಸಾಧ್ಯ?

ಮಳೆಗಾಲ ಮುಗಿಯುತ್ತ ಬಂದಾಗ ಜೈನರ ದಶಲಕ್ಷಣ ಪರ್ವ ಬರುತ್ತದೆ. ಅದು ಮುಗಿದ ಮೇಲೆ ಕ್ಷಮಾವಣಿ. ವರ್ಷದಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಎಲ್ಲರಲ್ಲೂ ಕ್ಷಮೆ ಕೇಳುವ ದಿನ. ಕಾಕು ಪ್ರತಿ ವರ್ಷ ಬಸದಿಯಿಂದ ನೇರವಾಗಿ ನಮ್ಮ ಬಾಗಿಲಿಗೆ ಬಂದು ಕೈಮುಗಿಯುತ್ತಿದ್ದರು. ನಾನು ಪ್ರತಿ ವರ್ಷ ನಕ್ಕು, "ನೀವೇನ್ ತಪ್ಪ ಮಾಡ್ತೀರಿ ಕಾಕು, ಬರ್ರಿ, ಕುಂದರ್ರಿ" ಎನ್ನುತ್ತಿದ್ದೆ. ಆ ವರ್ಷ ಬಾಗಿಲು ತೆಗೆದಾಗ ಅವರು ಒಳಗೆ ಬರಲಿಲ್ಲ.

"ಭಾಳ ದಿನ ಆತು, ನೀ ಮೊದಲಿನಂಗ ನನ್ನ ಕೂಡ ಮಾತಾಡವಲ್ಲಿ. ನನ್ನ ಬಾಯಿಂದ ಏನೋ ಹೋಗೇತಿ. ಎಷ್ಟ ವಿಚಾರ ಮಾಡಿದ್ರೂ ನೆನಪ ಆಗವಲ್ದು. ಏನ ಆಗಿದ್ರೂ ಕ್ಷಮಾ ಮಾಡ ತಂಗಿ."

ಹೀಗೆಂದು, ನೋಯುವ ಮೊಣಕಾಲು ಹಿಡಿದುಕೊಂಡು ನನ್ನ ಮುಂದೆ ಬಗ್ಗಲು ನೋಡಿದರು.

ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಒಂಬತ್ತು ತಿಂಗಳು ಬಾಯಿಗೆ ಬಾರದ ಮಾತು ಹೊಸ್ತಿಲ ಮೇಲೆ ನಿಂತಲ್ಲೇ ಹೊರಬಿತ್ತು. ಎರಡು ಡಬ್ಬಿ, ಎರಡು ದಾರ, ತತ್ತಿ, ಮೊಸರು, ಎಲ್ಲ. ಕಾಕು ಕೈ ಬಿಡಿಸಿಕೊಂಡು ಕಟ್ಟೆಯ ಮೇಲೆ ಕೂತರು. ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದರು.

"ಗೊತ್ತಿದ್ದ ಕೊಟ್ಟಿದ್ದೇನ?"

"ಇಲ್ರಿ. ಕೊಡೂಮುಂದ ಗೊತ್ತಿರಲಿಲ್ಲ. ಮೊಸರು ಅನ್ನೂಮುಂದ ಗೊತ್ತಿತ್ತು."

ಅವರು ತಲೆಯಾಡಿಸಿದರು. ಎದ್ದು, ಗೋಡೆ ಹಿಡಿದುಕೊಂಡು ತಮ್ಮ ಮನೆಗೆ ಹೋದರು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಮರುದಿನ ಅವರ ಸೊಸೆ ಕಾಂಪೌಂಡಿನ ಆಚೆಯಿಂದ ಹೇಳಿದಳು, ಅತ್ತೆ ಉಪವಾಸ ಹಿಡಿದಿದ್ದಾರೆ ಎಂದು. ಪರ್ವದ ಉಪವಾಸಗಳೆಲ್ಲ ಮುಗಿದಿದ್ದವು. ಇದು ಯಾವುದರ ಉಪವಾಸ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೋದೆ. ಕಾಕು ಚಾಪೆಯ ಮೇಲೆ ಗೋಡೆಗೆ ಒರಗಿ ಜಪಮಾಲೆ ಎಣಿಸುತ್ತಿದ್ದರು.

"ತಪ್ಪ ನಂದು ಕಾಕು. ಉಪವಾಸ ನಾ ಮಾಡ್ತೀನಿ, ನೀವು ಬಿಡ್ರಿ."

"ಹಂಗ ಆಗೂದಿಲ್ಲ ತಂಗಿ. ತಿಂದಾಕಿ ನಾ. ನಮ್ಮಲ್ಲಿ ಅವರವರದು ಅವರವರ ಕಳಕೋಬೇಕು." ಜಪಮಾಲೆಯ ಒಂದು ಮಣಿ ಸರಿಸಿ ಮತ್ತೆ ಅಂದರು, "ನೀ ಹೋಗಿ ಉಣ್ಣು. ನಿನಗ ಸಕ್ಕರಿ ಬ್ಯಾನಿ ಐತಿ."

ಮನೆಗೆ ಬಂದು ತಾಟಿನ ಮುಂದೆ ಕೂತವಳು ಅನ್ನವನ್ನು ಹಾಗೆಯೇ ಮುಚ್ಚಿಟ್ಟೆ. ತಪ್ಪು ನನ್ನದು, ಹಸಿವು ಅವರದು. ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ, ನಮ್ಮ ತಪ್ಪಿನ ಭಾರ ಇನ್ನೊಬ್ಬ ಹೊತ್ತ ಎಂದು. ಪಾಠ ಬಾಯಿಗೆ ಬರುತ್ತಿತ್ತು, ಅಷ್ಟೇ. ನನ್ನಿಂದಾಗಿ ಬಾಜು ಮನೆಯಲ್ಲಿ ಒಬ್ಬ ಮುದುಕಿ ಉಪವಾಸ ಕೂತಾಗ ಅದು ಹೊಟ್ಟೆಗೆ ತಟ್ಟಿತು. ಕಾಕುವಿನ ಧರ್ಮ ಬೇರೆ, ನನ್ನದು ಬೇರೆ. ಅವರವರದು ಅವರವರೇ ಕಳೆದುಕೊಳ್ಳಬೇಕು ಎಂದು ಅವರು ನಂಬುತ್ತಾರೆ. ನನ್ನಿಂದ ಅದು ಕಳೆಯುವುದಿಲ್ಲ, ಅದಕ್ಕೇ ಒಬ್ಬ ಬರಬೇಕಾಯಿತು ಎಂದು ನಾನು ನಂಬುತ್ತೇನೆ. ಅದರ ಮೇಲೆ ನಾವು ವಾದ ಮಾಡಿಲ್ಲ. ಆದರೆ ನನ್ನ ನಂಬಿಕೆ ನನಗೆ ಅರ್ಥವಾದದ್ದು ಅವರಿಂದ, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ತಪ್ಪು ಮಾಡಿದವಳು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ. ತಪ್ಪು ಮಾಡದವರು ತಾವಾಗಿ ಬಂದು ಬಾಗಿಲು ಬಡಿದರು. ದೇವರು ಕೂಸಾಗಿ ನಮ್ಮ ನಡುವೆ ಬಂದ ಎನ್ನುವುದೂ ಇಂಥದ್ದೇ ಇರಬೇಕು. ನಾವು ಹೋಗುವವರಲ್ಲ ಎಂದು ಗೊತ್ತಾಗಿ ಅವನೇ ಬಂದಿದ್ದಾನೆ.

ಆ ದಿನದಿಂದ ನನ್ನ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ. ವಿಚಿತ್ರವೆಂದರೆ, ಅದನ್ನು ಬರೆದುಕೊಂಡಾಗ ದುಃಖವಾಗಲಿಲ್ಲ, ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಕಾಕು ಮತ್ತೆ ಮಾತಾಡತೊಡಗಿದರು. ಆದರೆ ತಿನ್ನುವ ವಸ್ತು ಕಾಂಪೌಂಡು ದಾಟಲಿಲ್ಲ, ಅತ್ತಲಿಂದಲೂ ಇಲ್ಲ, ಇತ್ತಲಿಂದಲೂ ಇಲ್ಲ. ಡಿಸೆಂಬರ್ ಬಂತು. ಮುಂದಿನ ಕೋಣೆಯಲ್ಲಿ ಹುಲ್ಲು ಹಾಸಿ ಗೋದಲಿ ಕಟ್ಟಿದೆ. ದನ, ಕುರಿ, ಕುರುಬರು, ಮರಿಯ, ಜೋಸೆಫ್. ನಡುವಿನ ಜಾಗ ಖಾಲಿ. ಹಬ್ಬದ ತನಕ ಅಲ್ಲಿ ಕೂಸನ್ನು ಇಡುವುದಿಲ್ಲ, ಅದು ನಮ್ಮ ಪದ್ಧತಿ. ಕಾಕುವಿಗೆ ಈ ವರ್ಷ ತಾಟು ಬೇಡ, ಕೊಟ್ಟು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಬೇಡ ಎಂದು ಗಂಡನಿಗೆ ಹೇಳಿದೆ. ಅವರಿಗೆಂದೇ ಕೊಂಡಿದ್ದ ಪಾತ್ರೆಯನ್ನು ಬೋರಲು ಹಾಕಿ ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟುಬಿಟ್ಟಿದ್ದೆ.

ಹಬ್ಬಕ್ಕೆ ವಾರವಿದೆ ಎನ್ನುವಾಗ ಒಂದು ಬೆಳಿಗ್ಗೆ ಬಾಗಿಲು ಬಡಿದ ಸಪ್ಪಳ. ಕಾಕು. ಒಂದು ಕೈಯಲ್ಲಿ ಹಿಟ್ಟು ನಾದುವ ಹಿತ್ತಾಳೆಯ ಪರಾತ, ಇನ್ನೊಂದರಲ್ಲಿ ಸೋಸಿದ ನೀರಿನ ತಂಬಿಗೆ. ಹಿಂದೆ ಸೊಸೆಯ ಕೈಯಲ್ಲಿ ಹಿಟ್ಟಿನ ಚೀಲ.

"ತತ್ತಿ ಇನ್ನೂ ತಂದಿಲ್ಲಲ್ಲ?"

"ಇಲ್ರಿ ಕಾಕು."

"ಛಲೋ ಆತು. ಈ ಸಲ ನಾ ಇಲ್ಲೇ ಕುಂತ ಕರ್ಜಿಕಾಯಿ ಮಾಡ್ತೀನಿ. ನಿನ್ನ ದಾರದ ಮ್ಯಾಲ ನನಗ ಭರವಸೆ ಉಳಿದಿಲ್ಲ."

ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಎರಡೂ ಬಂದವು. ಅವರು ಮುಂದಿನ ಕೋಣೆಯಲ್ಲಿ ಗೋದಲಿಯ ಮುಂದೆ ಸ್ವಲ್ಪ ನಿಂತರು, ಕಣ್ಣು ಕಿರಿದು ಮಾಡಿಕೊಂಡು ನೋಡಿದರು.

"ಎಲ್ಲಾರೂ ಬಂದಾರ. ಕೂಸ ಎಲ್ಲಿ?"

"ಇನ್ನೂ ಬಂದಿಲ್ರಿ. ಹಬ್ಬಕ್ಕ ಬರ್ತೈತಿ."

"ಯಾರ ಮನಿಗಿ ಬರ್ತೈತಿ ಅದು?"

"ತಪ್ಪ ಮಾಡಿದವರ ಮನಿಗಿ, ಕಾಕು."

ಕಾಕು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

"ಹಂಗಾದ್ರ ನಿಮ್ಮ ಮನಿಗಿ ಖರೇನ ಬರ್ತೈತಿ ತಗೋ" ಎಂದು, ಸೀರೆಯ ಸೆರಗು ಸಿಕ್ಕಿಸಿ, ಹಿಟ್ಟಿಗೆ ನೀರು ಹಾಕಿದರು.