ಅಪ್ಪನಿಗೆ ಮಾತ್ರ ಸುತ್ತು ಹಾಕಿದ ಜೋಕಾಲಿ

ನಾನು ಚಿಕ್ಕವಳಿದ್ದಾಗ ನಮ್ಮ ಔರಾದಿಗೆ ರೈಲು ಇರಲಿಲ್ಲ. ಈಗಲೂ ಇಲ್ಲ, ಆ ಮಾತು ಬಿಡಿ. ರೈಲಿಲ್ಲದ ಊರಿಗೆ ಬಸ್ಸೇ ಎಲ್ಲ. ಬೆಳಿಗ್ಗೆ ಆರಕ್ಕೆ ಬೀದರಿಗೆ ಹೊರಡುವ ಬಸ್ಸನ್ನು ನಮ್ಮ ಅಪ್ಪ ಓಡಿಸುತ್ತಿದ್ದರು. ಮನೆಯಲ್ಲಿ ಅಪ್ಪ ಭಾರಿ ಸಿಡುಕಿನ ಮನುಷ್ಯ. ಚಹಾ ತಣ್ಣಗಾದರೆ ಸಿಟ್ಟು, ನಾವು ಜೋರಾಗಿ ನಕ್ಕರೆ ಸಿಟ್ಟು. ಅದೇ ಅಪ್ಪ ಖಾಕಿ ಅಂಗಿ ತೊಟ್ಟು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಸೀಟಿನಲ್ಲಿ ಕೂತರೆ ಬೇರೆಯೇ ಮನುಷ್ಯ. ದಾರಿಗೆ ಎಮ್ಮೆ ಅಡ್ಡ ಮಲಗಿದರೂ ನಗುತ್ತ ಕಾಯುತ್ತಿದ್ದರು. ಆ ಸೀಟು ಬಿಟ್ಟು ಬೇರೇನನ್ನೂ ಅಪ್ಪ ಆಸೆಪಟ್ಟದ್ದು ನಾನು ನೋಡಿಲ್ಲ.

ಒಂದು ವರ್ಷ ಬೇಸಿಗೆಯಲ್ಲಿ ಬಸ್ಸಿನ ಗಾಲಿ ಬಿಚ್ಚುವಾಗ ಕಬ್ಬಿಣದ ಪಾನಾ ಜಾರಿ ಅಪ್ಪನ ಎಡಗಣ್ಣಿಗೆ ಬಡಿದಿತ್ತು. ನಾಲ್ಕು ದಿನ ಬಾತುಕೊಂಡಿತ್ತು, ಆಮೇಲೆ ಇಳಿಯಿತು. ಅಪ್ಪ ಮರೆತರು, ನಾವೂ ಮರೆತೆವು.

ಶ್ರಾವಣ ಬಂತು, ಪಂಚಮಿ ಬಂತು. ಅಕ್ಕನನ್ನು ಅದೇ ವರ್ಷ ಭಾಲ್ಕಿಗೆ ಕೊಟ್ಟಿದ್ದೆವು. ಮದುವೆಯಾದ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರಬೇಕು, ಜೋಕಾಲಿ ಆಡಬೇಕು. ಅಕ್ಕ ಎಂಟು ದಿನ ಮುಂಚೆಯೇ ಬಂದು ಕೂತಿದ್ದಳು. ಹಬ್ಬದ ಮರುದಿನ ಅಪ್ಪನ ಬಸ್ಸಿನಲ್ಲೇ ಬೀದರಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಭಾಲ್ಕಿಗೆ ವಾಪಸ್ಸು. ನಾನೂ ಅವಳ ಜೊತೆ ನಾಲ್ಕು ದಿನ ಹೋಗುವವಳಿದ್ದೆ. ರೈಲು ಹತ್ತುವ ಖುಷಿಗೆ ನನಗೆ ವಾರದಿಂದ ಊಟ ರುಚಿಸಿರಲಿಲ್ಲ.

ಪಂಚಮಿಯ ದಿನ ಮನೆ ತುಂಬ ಹುರಿದ ಶೇಂಗಾ, ಬೆಲ್ಲದ ಪಾಕದ ವಾಸನೆ. ಅವ್ವ ಬಿಸಿ ಬಾಣಲೆಗೆ ಜೋಳ ಸುರಿದರೆ ಅರಳು ಪಟಪಟ ಸಿಡಿದು ಒಲೆಯ ಸುತ್ತ ಹಾರುತ್ತಿತ್ತು. ಅಂಗಳದ ಬೇವಿನ ಗಿಡಕ್ಕೆ ಅಪ್ಪ ಹೊಸ ಹಗ್ಗದ ಜೋಕಾಲಿ ಕಟ್ಟಿದ್ದರು. ಗಿಡದ ಹಿಂದೆ ಕಲ್ಲಿನ ಗೋಡೆ, ಮುಂದೆ ಮನೆಯ ಕಟ್ಟೆ. ನಡುವೆ ಜೋಕಾಲಿ ಗೋಡೆಯ ಉದ್ದಕ್ಕೂ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ನಾನು ಮಣೆಯ ಮೇಲೆ ಕೂತೆ, ಅಕ್ಕ ನನ್ನ ಹಿಂದೆ ನಿಂತು ಜೀಕಿದಳು. ಹೊಸ ಹಗ್ಗ ಕಿರ್ ಕಿರ್ ಅಂತಿತ್ತು. ಮೇಲೇರಿದಾಗ ಗೋಡೆಯಾಚೆ ಮಳೆಯಲ್ಲಿ ನೆಂದ ಕರಿ ಹೊಲ ಕಾಣುತ್ತಿತ್ತು, ಇಳಿದಾಗ ಹೊಟ್ಟೆಯಲ್ಲಿ ಗುಳುಗುಳು.

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಒಮ್ಮೆಲೇ ಎದ್ದು ನಿಂತರು.

“ಏ, ನಿಲ್ಲಿಸ್ರಿ! ತಲಿ ಗ್ವಾಡಿಗಿ ಬಡೀತದ!”

ಅಕ್ಕ ನಕ್ಕಳು. “ಗ್ವಾಡಿ ಎಲ್ಲದ, ನಾವೆಲ್ಲದೀವಿ ಅಪ್ಪಾ? ನಡುವ ಎತ್ತಿನ ಬಂಡಿ ದಾಟ್ತದ ನೋಡ್ರಿ.”

“ನನಗ ಕಣ್ಣಿಲ್ಲೇನು? ಬಲಕ್ಕ ಹೋಗುವಾಗ ಗ್ವಾಡಿ ಕಡಿ ಸರೀತದ, ಎಡಕ್ಕ ಬರುವಾಗ ನನ್ನ ಮೈಮ್ಯಾಲ ಬರ್ತದ. ಗಾಣದ ಎತ್ತಿನಂಗ ಸುತ್ತ ಹಾಕ್ಲಾಕತ್ತದ. ಒಂದು ಹಗ್ಗ ಉದ್ದ ಆಗ್ಯಾದ, ಇಳೀರಿ.”

ಇಳಿದೆವು. ಅಪ್ಪ ಗಿಡ ಹತ್ತಿ ಗಂಟು ಬಿಚ್ಚಿದರು, ಮೊಳ ಹಾಕಿ ಅಳೆದರು, ಮತ್ತೆ ಕಟ್ಟಿದರು. ನಾವು ಹತ್ತಿದೆವು. ಅಪ್ಪ ಕಟ್ಟೆಗೆ ಹೋಗಿ ನೋಡಿದರು. ಮತ್ತೆ ಸುತ್ತು! ಎರಡನೇ ಸಲ ಬಿಚ್ಚಿ ಕಟ್ಟಿದರು. ಮತ್ತೆ ಅದೇ. ಅವ್ವ ಬಾಗಿಲಲ್ಲಿ ನಿಂತು, ಕೈಗೆ ಅಂಟಿದ ಬೆಲ್ಲ ತಿಕ್ಕುತ್ತ, “ಕುಣಿಯಲಾರದಾಕಿ ಅಂಗಳ ಡೊಂಕು ಅಂದಿದ್ದಳಂತ,” ಅಂದಳು. ಬೇರೆ ದಿನವಾಗಿದ್ದರೆ ಅಪ್ಪ ಅದಕ್ಕೊಂದು ಜಗಳ ತೆಗೆಯುತ್ತಿದ್ದರು. ಅವತ್ತು ಜೋಕಾಲಿಯಿಂದ ಕಣ್ಣು ತೆಗೆಯಲಿಲ್ಲ.

ಅಷ್ಟರಲ್ಲಿ ಚಾಚಾ ಬಂದರು. ಚಾಚಾ ಅಂದರೆ ಅಪ್ಪನ ಬಸ್ಸಿನ ಕಂಡಕ್ಟರ್. ಪಂಚಮಿಯ ಉಂಡಿಗೆ ಅವರು ನಮ್ಮ ಮನೆಗೆ ಬರುವುದು, ಈದಿನ ಸುರಕುಂಬಾ ಪಾಯಸಕ್ಕೆ ನಾವು ಅವರ ಮನೆಗೆ ಹೋಗುವುದು ನಡೆದುಬಂದ ಪದ್ಧತಿ. ಅಪ್ಪ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿದರು, “ಖರೆ ಹೇಳು. ಜೋಕಾಲಿ ಹ್ಯಾಂಗ ಹೊಂಟದ?”

“ನೆಟ್ಟಗ ಹೊಂಟದಲ್ರೀ ಭಾಯಿ.”

ಬಸ್ಸಿನ ಗಾಲಿ ಡೊಂಕಾಗಿದೆಯೋ ಅಂತ ನೋಡುವಾಗ ಅಪ್ಪ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಈಗಲೂ ಹಾಗೇ ಎಡಗಣ್ಣು ಮುಚ್ಚಿದರು. “ಹಾಂ, ಈಗ ನೆಟ್ಟಗ ಆತು,” ಅಂದರು. ಕಣ್ಣು ತೆರೆದರು. “ಮತ್ತ ಸುತ್ತ.” ಮುಚ್ಚಿದರು, ತೆರೆದರು. ನಾವು ಜೋಕಾಲಿಯ ಮೇಲಿಂದ ನೋಡುತ್ತಲೇ ಇದ್ದೆವು. ನನಗೆ ಅಪ್ಪ ಆಟ ಆಡುತ್ತಿದ್ದಾರೆ ಅನಿಸಿ ನಗು ಬಂತು. ಆಮೇಲೆ ಅಪ್ಪ ಅಂಗೈಯಿಂದ ಬಲಗಣ್ಣನ್ನು ಮುಚ್ಚಿಕೊಂಡರು. ಬೇಸಿಗೆಯಿಂದ ಅಲ್ಲಿಯವರೆಗೆ ಒಂದು ಸಲವೂ ಆ ಒಳ್ಳೆ ಕಣ್ಣು ಮುಚ್ಚಿ ನೋಡಿರಲಿಲ್ಲವಂತೆ.

ಅಪ್ಪ ಕೈ ತೆಗೆಯಲೇ ಇಲ್ಲ. ಅಕ್ಕ ಜೀಕುವುದು ಬಿಟ್ಟಳು. ಜೋಕಾಲಿ ತಾನಾಗಿಯೇ ನಿಂತಿತು.

“ಏನ್ ಕಾಣಸ್ತದ್ರಿ ಅಪ್ಪಾ?” ಅಂತ ಅಕ್ಕ ಮೆಲ್ಲಗೆ ಕೇಳಿದಳು.

“ಮಂಜು,” ಅಂದರು ಅಪ್ಪ. “ಹಾಲಿನಂಥ ಮಂಜು. ಒಳಗ ನೀವು ನೆಳ್ಳಿನಂಗ ಕಾಣ್ತೀರಿ.”

ಚಾಚಾ ಅವ್ವ ಕೊಟ್ಟಿದ್ದ ಉಂಡಿಯ ತಾಟನ್ನು ಕೆಳಗಿಟ್ಟರು. ಆಮೇಲೆ ಅಂದರು, “ಭಾಯಿ, ಎರಡು ತಿಂಗಳಾತು, ನಾ ನೋಡ್ಲಾಕತ್ತೀನಿ. ಬಲಗಡಿಯಿಂದ ಏನರ ಅಡ್ಡ ಬಂದ್ರ ದೂರ ಇದ್ದಾಗೇ ಧಡಕ್ಕನ ಬ್ರೇಕ್ ಹಾಕ್ತೀರಿ. ಎಡಗಡಿಯಿಂದ ಬಂದ್ರ ಹತ್ರ ಬಂದ್ರೂ ಹಾಕಾಂಗಿಲ್ಲ. ಮೊನ್ನಿ ಸಂತಪುರದ ಹತ್ರ ಆ ಸೈಕಲ್ ಹುಡುಗ… ನಾ ಸೀಟಿ ಊದಿದ್ದಕ್ಕ ಉಳದಾನ.”

ಅಪ್ಪ ಕೇಳಿದರು, “ಯಾಕ ಹೇಳ್ಲಿಲ್ಲ?”

“ಹೇಳಿದ್ರ ನಿಮ್ಮನ್ನ ಸೀಟಿನಿಂದ ಇಳಿಸ್ತಾರ. ಯಾರಿಗೂ ಹೇಳೋದು ನಕ್ಕೋ, ಬ್ಯಾಡ. ನಿಮ್ಮ ಎಡಗಣ್ಣು ನಾನಿದೀನಿ. ಒಂದು ಸೀಟಿ ಊದಿದ್ರ ನಿಲ್ಸಿರಿ, ಎರಡು ಊದಿದ್ರ ನಡೀರಿ.”

ಅವ್ವನೂ ಸೆರಗಿನಿಂದ ಕಣ್ಣೊರೆಸಿಕೊಂಡು, “ಅವರು ಹೇಳೂದು ಖರೆ ಅದ್ರಿ,” ಅಂದಳು. ಅಪ್ಪ ನಮ್ಮ ಕಡೆ ಕೈ ಬೀಸಿ, “ಆಡ್ರಿ, ಹಗ್ಗ ಗಟ್ಟಿ ಅದ,” ಅಂದರು. ಎರಡೂ ಕಣ್ಣು ತೆರೆದುಕೊಂಡು ನಮ್ಮನ್ನೇ ನೋಡುತ್ತ ಕೂತರು. ಅವರ ಕಣ್ಣಲ್ಲಿ ನಾವು ಗೋಡೆಗೆ ಹೋಗಿ ಬಡಿಯುತ್ತಿದ್ದೆವೋ ಏನೋ. ಸಂಜೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋಗಿ ಬಂದರು. ಏನು, ಎತ್ತ ಅಂತ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಬಿಳಿ ಧೋತರ ಉಟ್ಟಿದ್ದರು. ಖಾಕಿ ಅಂಗಿ ಗೂಟದಲ್ಲೇ ಇತ್ತು. ಬಸ್ಸಿನಲ್ಲಿ ಬೇರೆ ಡ್ರೈವರ್ ಕೂತಿದ್ದರು. ಅಪ್ಪ ನಮ್ಮಿಬ್ಬರನ್ನು ಹತ್ತಿಸಿ, ತಾವೂ ಹತ್ತಿ, ನನ್ನ ಪಕ್ಕದಲ್ಲೇ ಕೂತರು. ಅಲ್ಲಿಯವರೆಗೆ ನಾನು ಬಸ್ಸಿನಲ್ಲಿ ಅಪ್ಪನ ಬೆನ್ನನ್ನು ಮಾತ್ರ ನೋಡಿದ್ದೆ.

ಚಾಚಾ ಬಂದು ನಿಂತರು. ಅಪ್ಪ, “ಬೀದರ್, ಮೂರು,” ಅಂದರು. ಚಾಚಾ ಟಿಕೆಟ್ ಹರಿಯಲಿಲ್ಲ. ಅಪ್ಪ ಅಂದರು, “ಹರಿಯಪ್ಪಾ. ನಿನ್ನಿ ನನ್ನ ಮಕ್ಕಳು ಜೋಕಾಲಿ ಮ್ಯಾಲ ಇದ್ರು. ಈ ಗಾಡಿಯಾಗ ಎಲ್ಲಾರ ಮಕ್ಕಳೂ ಇರ್ತಾರ.” ಚಾಚಾ ಟಿಕೆಟ್ ಹರಿದು ನನ್ನ ಕೈಯಲ್ಲಿಟ್ಟರು. ಅಪ್ಪನ ಮುಖ ನೋಡಲಿಲ್ಲ.

ಬಸ್ಸು ಹೊರಟಿತು. ಕೈ ಎಲ್ಲಿಡಬೇಕೆಂದು ಅಪ್ಪನಿಗೆ ತಿಳಿಯಲಿಲ್ಲ. ಒಮ್ಮೆ ತೊಡೆಯ ಮೇಲೆ, ಒಮ್ಮೆ ಮುಂದಿನ ಸೀಟಿನ ಕಂಬಿಯ ಮೇಲೆ. ತಿರುವು ಬಂದಾಗೆಲ್ಲ ಬಲಗಾಲು ಬರೀ ತಗಡನ್ನು ಒತ್ತುತ್ತಿತ್ತು. ಸಂತಪುರದ ಹತ್ತಿರ ಎಡಗಡೆಯಿಂದ ಒಂದು ಬಂಡಿ ದಾರಿಗೆ ಬಂತು. ಹೊಸ ಡ್ರೈವರ್ ಮೊದಲೇ ನಿಧಾನ ಮಾಡಿದರು. ಅಪ್ಪನ ಕಾಲು ಆಮೇಲೆ ಒತ್ತಿತು. ಎಷ್ಟು ಜೋರಾಗಿ ಒತ್ತಿತೆಂದರೆ ಚಪ್ಪಲಿಯ ಉಂಗುಟ ಕಿತ್ತು ಬಂತು. ಅಪ್ಪ ಹರಿದ ಚಪ್ಪಲಿ ನೋಡಿದರು, ಬಂಡಿ ನೋಡಿದರು, ಆಮೇಲೆ ಬೀದರ್ ಬರುವ ತನಕ ಕಣ್ಣು ಮುಚ್ಚಿಕೊಂಡು ಕೂತರು. ನನಗೆ ರೈಲಿನ ಖುಷಿ ಎಲ್ಲ ಹೊರಟುಹೋಗಿತ್ತು. ಅಪ್ಪನ ಬಗ್ಗೆ ಅಯ್ಯೋ ಅನಿಸಿದ್ದು ಅದೇ ಮೊದಲು.

ಬೀದರಿನ ದವಾಖಾನೆಯಲ್ಲಿ ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಅಂದರು. ಪಾನಾದ ಏಟಿಗೆ ಕಣ್ಣಿನ ಮಣಿ ಬೆಳ್ಳಗಾಗಿತ್ತು. ಆಪರೇಷನ್ ಆಯಿತು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಎಷ್ಟೋ ದಿನ ಅಲುಗಾಡದಂತೆ ಮಲಗಿಸಿದರು. ಎಡಗಣ್ಣಿಗೆ ಬಾಟಲಿ ತಳದಂಥ ದಪ್ಪ ಗಾಜು ಬಂತು. ಅದನ್ನು ಹಾಕಿದರೆ ಒಂದೊಂದು ಎರಡೆರಡಾಗಿ ಕಾಣುತ್ತಿತ್ತು. ಅಪ್ಪ ಮತ್ತೆ ಆ ಸೀಟಿನಲ್ಲಿ ಕೂರಲಿಲ್ಲ. ಬಸ್ಸುಗಳಿಗೆ ನೀರು, ಗಾಳಿ ನೋಡುವ ಕೆಲಸ ಮಾಡಿದರು. ಆದರೆ ಪ್ರತಿ ಪಂಚಮಿಗೆ ಹೊಸ ಡ್ರೈವರ್‌ಗಳನ್ನು ಮನೆಗೆ ಕರೆದು ಕಟ್ಟೆಯ ಮೇಲೆ ಕೂರಿಸಿ, “ಮೊದಲ ಜೋಕಾಲಿ ನೋಡು, ಆಮ್ಯಾಲ ಉಂಡಿ ತಿನ್ನು,” ಅನ್ನುತ್ತಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆಯನ್ನು ಅಪ್ಪನಷ್ಟು ಗಟ್ಟಿಯಾಗಿ ಹಿಡಿದವರು ನನಗೆ ಬೇರೆ ಗೊತ್ತಿಲ್ಲ.

ಜೋಕಾಲಿ ಯಾಕೆ ಸುತ್ತು ಹಾಕಿತು ಅಂತ ಮಾತ್ರ ಆಗ ಯಾರೂ ಹೇಳಲಿಲ್ಲ. ಮೊನ್ನೆ ಮೊನ್ನೆ ನಮ್ಮ ಮೊಮ್ಮಗಳು ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಮಂಕಾದ ಕಣ್ಣಿನ ಸುದ್ದಿ ಮಿದುಳಿಗೆ ಒಂದು ಚೂರು ತಡವಾಗಿ ಮುಟ್ಟುತ್ತದಂತೆ. ಒಂದು ಕಣ್ಣು ಜೋಕಾಲಿ ಇಲ್ಲಿದೆ ಅನ್ನುತ್ತದೆ, ಇನ್ನೊಂದು ಸ್ವಲ್ಪ ಹಿಂದೆ ಎಲ್ಲಿತ್ತೋ ಅಲ್ಲಿದೆ ಅನ್ನುತ್ತದೆ. ಮಿದುಳು ನಮ್ಮೂರ ಪಂಚರ ಹಾಗೆ, ಯಾರನ್ನೂ ಸುಳ್ಳುಗಾರ ಅನ್ನುವುದಿಲ್ಲ. ಎರಡೂ ಮಾತು ಕೂಡಿಸಿ, ಜೋಕಾಲಿ ಒಂದು ಕಡೆ ಹೋಗುವಾಗ ದೂರ, ಇನ್ನೊಂದು ಕಡೆ ಬರುವಾಗ ಹತ್ತಿರ ಅಂತ ತೀರ್ಪು ಕೊಡುತ್ತದೆ. ಅದಕ್ಕೇ ನೆಟ್ಟಗೆ ಹೋಗುವುದು ಸುತ್ತಿದಂತೆ ಕಾಣುವುದು. ಬೇಕಾದರೆ ನೀವೂ ನೋಡಿ. ತಂಪು ಕನ್ನಡಕದ ಕಪ್ಪು ಗಾಜನ್ನು ಒಂದೇ ಕಣ್ಣಿಗೆ ಹಿಡಿದು, ಎರಡೂ ಕಣ್ಣು ತೆರೆದು, ಎಡಕ್ಕೂ ಬಲಕ್ಕೂ ತೂಗುವ ದಾರವನ್ನು ನೋಡಿ.

ನಮ್ಮ ಮೊಮ್ಮಕ್ಕಳು ಬೀದರಿನ ಮನೆಯಲ್ಲಿ ಇಂಥದ್ದನ್ನು ಎಷ್ಟು ನೋಡುತ್ತಾರೋ. ಫೋನಿನಲ್ಲಿ ನಿಂತ ಚಕ್ರ ತಿರುಗಿದಂತೆ ಕಾಣುತ್ತದೆ, ಹೋ ಅಂತ ನಗುತ್ತಾರೆ, ಬೆರಳಿಂದ ಸರಿಸಿ ಮುಂದೆ ಹೋಗುತ್ತಾರೆ. ಕಣ್ಣು ಮೋಸ ಮಾಡಿದರೆ ಅವರಿಗೆ ಮೋಜು. ನಾನು ಅಪ್ಪನ ಕಥೆ ಹೇಳಿದ ದಿನ ಮೊಮ್ಮಗಳು ದಾರಕ್ಕೆ ತನ್ನ ಸ್ಕೂಟಿಯ ಕೀಲಿ ಕಟ್ಟಿ ತೂಗಿದಳು. ಎಲ್ಲರೂ ಕಪ್ಪು ಗಾಜು ಹಿಡಿದು ಕಿರುಚಿದರು. ನನ್ನ ಸರದಿ ಬಂತು. ಗಾಜು ಹಿಡಿಯುವ ಮೊದಲೇ ಕೀಲಿ ಸುತ್ತು ಹಾಕುತ್ತಿತ್ತು.

ನಾನು ಅಲ್ಲೇ ಹೇಳಿಬಿಟ್ಟೆ. ನನಗೂ ಒಂದು ಕಣ್ಣಿಗೆ ಮೋತಿಬಿಂದು, ಮರುವಾರ ಆಪರೇಷನ್ ಆಯಿತು. ಬೆಳಿಗ್ಗೆ ಹೋದವಳು ಸಂಜೆ ಮನೆಯಲ್ಲಿ ಕೂತು ಚಹಾ ಕುಡಿದೆ. ಕಣ್ಣೊಳಗೇ ಹೊಸ ಮಣಿ ಇಟ್ಟಿದ್ದರು, ದಪ್ಪ ಗಾಜೂ ಇಲ್ಲ, ಏನೂ ಇಲ್ಲ. ಕೆಲವು ದಿನ ಬಿಟ್ಟು ಮೊಮ್ಮಗಳು ಮತ್ತೆ ಕೀಲಿ ತೂಗಿ, “ಈಗ ಹ್ಯಾಂಗ ಹೊಂಟದ ಅಜ್ಜಿ?” ಅಂದಳು.

ಎರಡೂ ಕಣ್ಣು ತೆರೆದು ನೋಡಿದೆ. ನೆಟ್ಟಗೆ ಹೋಯಿತು, ನೆಟ್ಟಗೆ ಬಂತು. ಮಕ್ಕಳು ಚಪ್ಪಾಳೆ ಹೊಡೆದರು. ನನಗೆ ಅಳು ಬಂತು. ಇಷ್ಟೇ ಸಾಕಿತ್ತು ನಮ್ಮಪ್ಪನಿಗೆ, ಮತ್ತೆ ಆರು ಗಂಟೆಯ ಬಸ್ಸು ಓಡಿಸಲು.